ಎಣಿಸದೆ ಕೊಟ್ಟ ರೊಟ್ಟಿ

ತಂಬ್ರಹಳ್ಳಿಯ ನೀಲಗಂಗಮ್ಮ ರೊಟ್ಟಿ ತಟ್ಟಲು ಕೂತರೆ ಆ ಸದ್ದಿಗೆ ಮೂರೂರಿನ ಹುಂಜಗಳು ತಾವು ಕೂಗುವುದು ದಂಡವೆಂದು ಸುಮ್ಮನಾಗುತ್ತಿದ್ದವು. ಆಕೆಯ ಖಡಕ್ ರೊಟ್ಟಿಯನ್ನು ಬಿಸಿಲಿಗೆ ಹಿಡಿದರೆ ಅದರ ಮೂಲಕ ಹಡಗಲಿಯ ಮಲ್ಲಿಗೆ ತೋಟ ಕಾಣುತ್ತಿತ್ತು. ಕಣ್ಣು ಚುರುಕಿದ್ದವರಿಗೆ ಮೈಲಾರದ ಗುಡಿಯೂ ಕಂಡದ್ದುಂಟು. ಅಂಥ ರೊಟ್ಟಿಯೊಂದು 2002ರ ಸೆಪ್ಟೆಂಬರ್ 12, ಗುರುವಾರ ಮಧ್ಯಾಹ್ನ ಮೂರರ ಹೊತ್ತಿಗೆ ಹಗರಿಬೊಮ್ಮನಹಳ್ಳಿ ಪೊಲೀಸ್ ಠಾಣೆಯ ಮೇಜಿನ ಮೇಲೆ ಬಂದು ಬಿತ್ತು.

"ಇದು ನನ್ನ ರೊಟ್ಟಿ. ಕಳುವಾಗೇತಿ. ಬರಕೊಳ್ರಿ," ಎಂದಳು ನೀಲಗಂಗಮ್ಮ.

ಹೆಡ್ ಕಾನ್ಸ್‌ಟೇಬಲ್ ರಹಿಮಾನ್ ಬರೆಯದ ದೂರಿಲ್ಲ. ಕಳುವಾದ ಎಮ್ಮೆ, ಕಳುವಾದ ಪಂಪ್‌ಸೆಟ್ಟು, ಒಮ್ಮೆ ಕಳುವಾದ ಬಾವಿಯ ದೂರನ್ನೂ ಅಳತೆ ಸಮೇತ ಬರೆದುಕೊಂಡ ಮನುಷ್ಯ. ಅವನ ಪೆನ್ನಿಗೆ ಬೀಳದೆ ಉಳಿದದ್ದು ಈ ಸೀಮೆಯಲ್ಲಿ ಯಾವುದೂ ಇಲ್ಲವೆಂದು ಠಾಣೆಗೆ ಠಾಣೆಯೇ ಹೇಳುತ್ತಿತ್ತು. ಆದರೂ ರೊಟ್ಟಿ ಹೊಸದು.

"ಕಳುವಾದದ್ದು ನಿಮ್ಮ ಕೈಯಾಗ ಐತೆಲ್ಲವ್ವಾ?"

"ಕೊಟ್ಟೂರಿನ ಖಾನಾವಳ್ಯಾಗ ನನ್ನ ತಾಟಿಗೆ ಬಂತು. ಸೋಮವಾರ ಆಶ್ರಮದ ಅನಾಥ ಮಕ್ಕಳಿಗೆ ಅಂತ ಕೊಟ್ಟ ರೊಟ್ಟಿ, ಇವತ್ತು ನನಗಽ ರೊಕ್ಕಕ್ಕ ಬಡಿಸ್ಯಾರ."

"ರೊಟ್ಟಿ ಮ್ಯಾಲ ಹೆಸರು ಬರದಿದ್ರೇನು?" ಎಂದು ರಹಿಮಾನ್ ನಕ್ಕ.

ಅವನ ನಗು ಪೂರ್ತಿಯಾಗಲಿಲ್ಲ. ನೀಲಗಂಗಮ್ಮನ ಹಿಂದೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಮುದುಕಿ ಬಾಯಿ ತೆರೆದಳು. ಆಕೆ ನೀಲಗಂಗಮ್ಮನ ನೆರೆಮನೆಯ ಬಿಬಿಜಾನ್. ಕಣ್ಣಿಗೆ ಪೊರೆ ಬಂದಿತ್ತು.

"ಸಾಹೇಬ್ರ, ಆ ಆಶ್ರಮದಾಗ ನನ್ನ ಮೊಮ್ಮಗಳು ಮುಸರತ ಅದಾಳ. ರೊಟ್ಟಿ ಖಾನಾವಳಿಗೆ ಹೋದ್ರ ಕೂಸು ಏನು ತಿನ್ನಾಕತ್ತೇತಿ?"

ಒಳಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಸಬ್ ಇನ್ಸ್‌ಪೆಕ್ಟರ್ ಗವಿಸಿದ್ದೇಶ್ ಎದ್ದು ಬಂದ. ಅವನ ಮೀಸೆಯ ಎರಡು ತುದಿ ಎರಡು ತಾಲ್ಲೂಕಿನ ಕಳ್ಳರನ್ನು ಕಾಯುತ್ತಿದ್ದವು. ಅದರ ನೆರಳು ಬಿದ್ದ ಕಡೆ ಬೀಗ ಹಾಕುವ ಅಗತ್ಯವಿಲ್ಲವೆಂದು ಪೇಟೆಯವರು ಹೇಳುತ್ತಿದ್ದರು.

"ಕುಂದರ್ರಿ ಇಬ್ಬರೂ. ಯಾವ ಆಶ್ರಮ?"

"ಹಡಗಲಿ ರಸ್ತ್ಯಾಗಿನ ಕರುಣಾಂಕುರ ಬಾಲಾಶ್ರಮ. ಪಾಲಾಕ್ಷಪ್ಪ ಸರ್ ನಡಸ್ತಾರ."

"ಅದನ್ನ ಹೆಂಗ ನಂಬಿದ್ರಿ?"

ನೀಲಗಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಹೋದ ವರ್ಷ ನಮ್ಮೂರಿಗೆ ಎರಡು ಆಶ್ರಮದವರು ಬಂದಿದ್ರು. ಒಬ್ಬಾಕಿ ದಾಕ್ಷಾಯಣಮ್ಮ, ಹರಪನಹಳ್ಳಿ ಕಡ್ಯಾಕಿ. ಮಾರಿ ಗಂಟು ಹಾಕ್ಕೊಂಡು ‘ರೊಕ್ಕ ಕೊಡ್ರಿ, ರಸೀದಿ ಕೊಡ್ತೀನಿ, ಯಾವಾಗ ಬೇಕಾದ್ರೂ ಬಂದು ನೋಡ್ರಿ’ ಅಂದ್ಲು. ಅನಾಥ ಮಕ್ಕಳ ಹೆಸರಿನ್ಯಾಗ ರೊಕ್ಕ ಕೇಳಾಕಿ ಎಂಥಾಕಿ ಇರಬೇಕು ಅಂತ, ಒಂದು ತಂಬಿಗಿ ನೀರು ಕೊಟ್ಟು ಕಳಿಸಿದ್ವಿ. ಪಾಲಾಕ್ಷಪ್ಪ ಸರ್ ರೊಕ್ಕ ಮುಟ್ಟಲಿಲ್ಲ. ‘ತಾಯಿ, ನಿಮ್ಮ ಕೈಯಾಗಿನ ರೊಟ್ಟಿ ಸಾಕು’ ಅಂದ್ರು. ರೊಕ್ಕ ಮುಟ್ಟದಾಂವ ಕಳ್ಳ ಹೆಂಗ ಆಗ್ತಾನ್ರಿ?"

"ವಾರಕ್ಕ ಎಷ್ಟು ರೊಟ್ಟಿ ಹೋಗ್ತಿದ್ವು?"

"ದಾನದ ರೊಟ್ಟಿ ಎಣಸ್ತಾರೇನ್ರಿ? ಎಣಿಸಿ ಕೊಟ್ಟಿದ್ದು ಹೊಟ್ಟಿಗೆ ಹತ್ತಂಗಿಲ್ಲ."

ಈ ಸೀಮೆಯ ರಿವಾಜೇ ಹಾಗೆ. ಬೀಗರ ಮನೆಗೆ ಕಳಿಸುವ ಹೋಳಿಗೆಯನ್ನು ಎರಡು ಸಲ ಎಣಿಸುತ್ತಾರೆ. ದಾನಕ್ಕೆ ಕೊಡುವ ರೊಟ್ಟಿಯನ್ನು ಕಣ್ಣುಮುಚ್ಚಿ ಚೀಲಕ್ಕೆ ಸುರಿಯುತ್ತಾರೆ. ಮಠದ ಜೋಳಿಗೆಗೆ ಹುಟ್ಟಿದ ಆ ಒಳ್ಳೆಯ ಪದ್ಧತಿ ಯಾರ ಚೀಲಕ್ಕೆ ಬೇಕಾದರೂ ಒಗ್ಗುತ್ತದೆಂದು ಪಾಲಾಕ್ಷಪ್ಪನಿಗೆ ಗೊತ್ತಿತ್ತು.

"ಮುಸರತ ಅಲ್ಲಿಗೆ ಹೆಂಗ ಹೋದ್ಲು?"

ಬಿಬಿಜಾನ್ ನೀಲಗಂಗಮ್ಮನ ಕಡೆ ತಿರುಗಿದಳು. ನೀಲಗಂಗಮ್ಮನೇ ಹೇಳಿದಳು, ದನಿ ಇಳಿದಿತ್ತು. "ಅವರವ್ವ ತೀರಿಕೊಂಡ್ಲು. ಈಕಿಗೆ ಕಣ್ಣು ಕಾಣಂಗಿಲ್ಲ. ಆದ್ರೂ ಕೂಸನ್ನ ಬಿಡಂಗಿಲ್ಲ ಅಂತ ಹಟ ಹಿಡದಿದ್ಲು. ನಾನಽ ‘ನನ್ನ ರೊಟ್ಟಿ ಅಲ್ಲೇ ಹೋಗ್ತಾವ ಬೀಬಿ, ನಿನ್ನ ಮೊಮ್ಮಗಳು ನನ್ನ ಕೈ ರೊಟ್ಟೀನ ತಿಂತಾಳ’ ಅಂತ ಹೇಳಿ, ಕೈ ಹಿಡಕೊಂಡು ಹೋಗಿ ಬಿಟ್ಟು ಬಂದೆ."

"ಹೋದ ವಾರ ನೋಡಾಕ ಹೋಗಿದ್ದೆ," ಎಂದಳು ಬಿಬಿಜಾನ್. "ಟೂರಿಗೆ ಹೋಗೇತಿ ಅಂದ್ರು. ಸಾಲಿ ನಡಿಯೋ ದಿನದಾಗ ಎಂಥಾ ಟೂರು?"

ಗವಿಸಿದ್ದೇಶ್ ಬಾಗಿಲು ಮುಚ್ಚಿಸಿದ. "ಈ ಮಾತು ಠಾಣೆ ದಾಟಬಾರದು. ಅಂವಗ ವಾಸನಿ ಹತ್ತಿದ್ರ ಕೂಸನ್ನ ಎಲ್ಲಿಗೆ ಸಾಗಸ್ತಾನೋ ಯಾರಿಗೆ ಗೊತ್ತು? ಈಗ ಹೇಳ್ರಿ, ಇದು ನಿಮ್ಮ ರೊಟ್ಟೀನ ಅಂತ ಕೋರ್ಟಿನ್ಯಾಗ ಹೆಂಗ ತೋರಸ್ತೀರಿ?"

ನೀಲಗಂಗಮ್ಮ ಬಲಗೈ ಚಾಚಿದಳು. ನಡುಬೆರಳು ಕೊಕ್ಕೆಯಂತೆ ಬಾಗಿತ್ತು. ಖಾರ ಕುಟ್ಟುವಾಗ ಒನಕೆ ಬಿದ್ದು ಮುರಿದದ್ದು, ಸೆಟೆದು ನಿಲ್ಲುತ್ತಿರಲಿಲ್ಲ. "ಎಳ್ಳು ಉದುರಿಸಿ ಅಂಗೈಲೆ ಒತ್ತುವಾಗ ಈ ಬೆರಳು ತಾಕಂಗಿಲ್ಲ. ಅಲ್ಲಿ ಎಳ್ಳು ಹಿಡ್ಯಂಗಿಲ್ಲ."

ಮೇಜಿನ ಮೇಲಿದ್ದ ರೊಟ್ಟಿಯಲ್ಲಿ ಕರಿಎಳ್ಳಿನ ನಡುವೆ ಬೆರಳಗಲದ ಬೋಳು ಪಟ್ಟಿಯೊಂದು ಸ್ಪಷ್ಟವಾಗಿತ್ತು.

ಸಂಜೆ ಐದಕ್ಕೆ ಪೊಲೀಸ್ ವಸತಿಗೃಹದ ಅಡುಗೆಮನೆಯಲ್ಲಿ, ಇಬ್ಬರು ಪಂಚರ ಸಮಕ್ಷಮ, ರಾಜ್ಯದ ಅಪರಾಧ ಇತಿಹಾಸದಲ್ಲೇ ಮೊದಲ ರೊಟ್ಟಿ ಪಂಚನಾಮೆ ನಡೆಯಿತು. ನೀಲಗಂಗಮ್ಮ ರೊಟ್ಟಿ ತಟ್ಟಿದಳು. ಪ್ರತಿಯೊಂದರಲ್ಲೂ ಅದೇ ಪಟ್ಟಿ, ಅದೇ ಓರೆ. ಬೆರಳಚ್ಚು ತಜ್ಞರು ಬೆಂಗಳೂರಿನಿಂದ ಬಂದಿದ್ದರೆ ಆ ಅಚ್ಚು ನೋಡಿ ನೌಕರಿ ಬಿಟ್ಟು ಒಲೆಯ ಮುಂದೆ ಕೂರುತ್ತಿದ್ದರು. ಪಂಚರಲ್ಲೊಬ್ಬ ಸಾಕ್ಷ್ಯಕ್ಕೆ ಚಟ್ನಿಪುಡಿ ಇದೆಯೇ ಎಂದು ಕೇಳಿ ಬೈಸಿಕೊಂಡ. ಆರೂವರೆಗೆ ಭಾರತೀಯ ದಂಡ ಸಂಹಿತೆಯ ಕಲಂ 406 ಮತ್ತು 420ರ ಅಡಿ ಎಫ್‌ಐಆರ್ ದಾಖಲಾಯಿತು.

ಗವಿಸಿದ್ದೇಶ್ ಮತ್ತು ರಹಿಮಾನ್ ರಾತ್ರಿ ಊಟದ ಹೊತ್ತಿಗೆ ಕೊಟ್ಟೂರು ಮುಟ್ಟಿದರು. ಖಾನಾವಳಿಯ ಒಡತಿ ಕೊಟ್ರಬಸಮ್ಮನ ದನಿ ಒಲೆಯ ಮುಂದಿಂದ ಎತ್ತಿದರೆ ಕೂಡ್ಲಿಗಿಯ ಬಸ್‌ಸ್ಟ್ಯಾಂಡಿನಲ್ಲಿ ಮಲಗಿದವರು ಎದ್ದು ಕೂರುತ್ತಿದ್ದರು. ಜೀಪು ನೋಡಿ ಆ ದನಿ ಸಣ್ಣಗಾಯಿತು.

"ರೊಟ್ಟಿ ಯಾರು ತಂದು ಹಾಕ್ತಾರ?"

"ಒಬ್ಬರು ಸರ್ ಅದಾರ್ರಿ. ಬಿಳಿ ಜುಬ್ಬ. ವ್ಯಾನಿನ್ಯಾಗ ಚೀಲಗಟ್ಟಲೆ ತರ್ತಾರ."

"ಎಲ್ಲಿವು ಅಂತ ಕೇಳಲಿಲ್ಲೇನು?"

"ಮಹಿಳಾ ಸಂಘದಾಗ ಮಾಡಿಸಿದ್ದು ಅಂದ್ರು. ನನಗೇನು ಕನಸು ಬೀಳ್ತೈತ್ರಿ? ಒಂದೊಂದು ಒಂದೊಂದು ಅಳತಿ, ಒಂದೊಂದು ರುಚಿ. ಊರೆಲ್ಲಾ ಸೇರಿ ತಟ್ಟಿದಂಗ ಇರ್ತಿದ್ವು."

"ಅಂವ ಇಲ್ಲೇ ಉಣ್ತಾನೇನು?"

"ಒಂದಿನ ‘ರೊಟ್ಟಿ ಹಾಕಲೇನ್ರಿ’ ಅಂದೆ. ‘ಅನ್ನ ಇದ್ರ ಹಾಕ್ರಿ, ರೊಟ್ಟಿ ಒಲ್ಲೆ’ ಅಂದ್ರು. ಈ ಸೀಮ್ಯಾಗ ಹುಟ್ಟಿ ರೊಟ್ಟಿ ಒಲ್ಲೆ ಅನ್ನೋ ಗಂಡಸನ್ನ ನಾ ನೋಡಿದ್ದಿಲ್ಲ ಸಾಹೇಬ್ರ. ಚೀಲ ಇಳಿಸಿದ ಮ್ಯಾಲ ಕೈ ತೊಳಕೋತಿದ್ರು, ಹೇಲು ಮುಟ್ಟಿದೋರಂಗ."

ಉಳಿದ ರೊಟ್ಟಿಗಳನ್ನು ಜಪ್ತಿ ಮಾಡಿ ಮೊಹರು ಹಾಕಲಾಯಿತು. ಕಳ್ಳ ಯಾರೆಂದು ತಿಳಿಯಿತು. ಮುಸರತ ಎಲ್ಲಿ ಎಂಬುದು ತಿಳಿದಿರಲಿಲ್ಲ, ಮತ್ತು ಅದನ್ನು ಪಾಲಾಕ್ಷಪ್ಪನನ್ನು ಕೇಳಿ ತಿಳಿಯುವಂತಿರಲಿಲ್ಲ. ವಾಪಸು ಬರುವಾಗ ಜೀಪಿನಲ್ಲಿ ಗವಿಸಿದ್ದೇಶ್ ಕೇಳಿದ: "ಆಶ್ರಮಕ್ಕ ಫೋನ್ ಐತೇನು?"

"ಇಲ್ರಿ ಸರ. ಆ ರಸ್ತೆಗೆಲ್ಲಾ ಇರೋದು ಒಂದಽ ಎಸ್‌ಟಿಡಿ ಬೂತು."

"ಹಂಗಾರ ನಾಳೆ ನೀ ಅದರಾಗ ಕುಂದ್ರು. ಹೊರಗ ಬರಬ್ಯಾಡ."

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನೀಲಗಂಗಮ್ಮ ಒಂದು ಬುಟ್ಟಿ ರೊಟ್ಟಿಯೊಂದಿಗೆ ಆಶ್ರಮದ ಬಾಗಿಲಲ್ಲಿ ನಿಂತಳು. ಪಕ್ಕದಲ್ಲಿ ಆಕೆಯ ‘ಅಣ್ಣನ ಮಗ’, ದಾವಣಗೆರೆಯಲ್ಲಿ ಅಂಗಡಿ ಇಟ್ಟವನು, ದಾನ ಕೊಡುವ ಮನಸ್ಸುಳ್ಳವನು. ಎರಡು ತಾಲ್ಲೂಕು ಕಾಯುತ್ತಿದ್ದ ಮೀಸೆಯನ್ನು ಕೊಬ್ಬರಿ ಎಣ್ಣೆ ಹಚ್ಚಿ ಕೆಳಗಿಳಿಸಲಾಗಿತ್ತು. ಅವತ್ತು ಆ ಎರಡೂ ತಾಲ್ಲೂಕು ದೇವರ ಭಾರದಲ್ಲಿದ್ದವು.

ಪಾಲಾಕ್ಷಪ್ಪ ಕೈಮುಗಿದು ಬಂದ. ಹಾಲಿನಂಥ ಜುಬ್ಬ, ಅದಕ್ಕಿಂತ ಮೆತ್ತನೆಯ ದನಿ. "ಬರ್ರಿ ತಾಯಿ. ಸೋಮವಾರ ನಾನಽ ಬರ್ತಿದ್ದೆ, ನೀವ್ಯಾಕ ದಣಕೊಂಡ್ರಿ?"

"ನಮ್ಮ ಹುಡುಗ ನೋಡಬೇಕಂದ. ನೋಡದ ಕೊಡಂಗಿಲ್ಲ ಅಂತಾನ, ಈಗಿನ ಕಾಲದವ."

ಪಡಸಾಲೆಯಲ್ಲಿ ಮಕ್ಕಳು ಸಾಲಾಗಿ ನಿಂತು ಪ್ರಾರ್ಥನೆ ಹೇಳಿದರು. ತಲೆ ಬಾಚಿತ್ತು, ಹಣೆಗೆ ವಿಭೂತಿ ಇತ್ತು. ಗೋಡೆಯ ಮೇಲೆ ಸನ್ಮಾನದ ಫೋಟೋಗಳು. ನೀಲಗಂಗಮ್ಮ ಒಂದೊಂದೇ ಮುಖ ನೋಡುತ್ತ ಬಂದಳು. ಮುಸರತ ಇರಲಿಲ್ಲ. ಅವಳ ವಾರಿಗೆಯ ಹುಡುಗಿಯರೂ ಒಬ್ಬಳ ಹೊರತು ಯಾರೂ ಇರಲಿಲ್ಲ.

"ಬಿಬಿಜಾನ್ ಮೊಮ್ಮಗಳು ಎಲ್ಲಿ ಸರ್?"

"ಟೂರಿನಿಂದ ಇನ್ನೂ ಬಂದಿಲ್ಲ ತಾಯಿ. ರೊಟ್ಟಿ ಅಲ್ಲಿಡ್ರಿ. ಮಕ್ಕಳದು ಊಟ ಆಗೇತಿ."

"ನನ್ನ ಕೈಯಾರ ಒಂದೊಂದು ಕೊಡ್ತೀನಿ. ಆಸೆ ಐತಿ."

"ಈಗ ಬ್ಯಾಡ್ರಿ," ಎಂದ ಪಾಲಾಕ್ಷಪ್ಪ. ಮೆತ್ತನೆಯ ದನಿಗೆ ಒಳಗಿಂದ ಯಾರೋ ಕಲ್ಲು ತುರುಕಿದಂತಿತ್ತು. ಅಷ್ಟರಲ್ಲಿ ನೀಲಗಂಗಮ್ಮ ಬುಟ್ಟಿಯ ಬಟ್ಟೆ ತೆಗೆದಿದ್ದಳು.

ಹೊಟ್ಟೆ ತುಂಬಿದ ಮಕ್ಕಳು ರೊಟ್ಟಿ ಹಿಡಿದು ಆಡುತ್ತಾರೆ, ಮುರಿದ ಸದ್ದಿಗೆ ನಗುತ್ತಾರೆ. ಇಲ್ಲಿ ಯಾರೂ ನಗಲಿಲ್ಲ. ಸದ್ದಿಲ್ಲದೆ ಬಂದರು, ತೆಗೆದುಕೊಂಡರು, ಗೋಡೆಗೆ ಮುಖ ಮಾಡಿ ನಿಂತು ತಿಂದರು. ಭಾಗ್ಯ ಎಂಬ ಹುಡುಗಿ ತನ್ನ ರೊಟ್ಟಿಯನ್ನು ಎರಡು ಮಾಡಿ, ಅರ್ಧ ತಿಂದು, ಇನ್ನರ್ಧವನ್ನು ಲಂಗದ ಸೊಂಟದಲ್ಲಿ ಸಿಕ್ಕಿಸಿಕೊಂಡಳು.

ಗವಿಸಿದ್ದೇಶ್ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. "ಅದು ಯಾರಿಗವ್ವಾ?"

"ಮುಸರತಗ."

"ಎಲ್ಲಿ ಅದಾಳ ಆಕಿ?"

"ಹತ್ತಿ ಹೊಲದಾಗ. ಹೂವಿಗೆ ಹೂವು ತಿಕ್ಕಾಕ. ನಾನೂ ಹೋಗಿದ್ದೆ, ಜ್ವರ ಬಂತು ಅಂತ ವಾಪಸ್ ಕಳಿಸಿದ್ರು."

ಹಿಂದೆ ಚಪ್ಪಲಿಯ ಸದ್ದಾಯಿತು. ಗವಿಸಿದ್ದೇಶ್ ತಿರುಗುವಷ್ಟರಲ್ಲಿ ಹಿತ್ತಲ ಬಾಗಿಲು ಅಲ್ಲಾಡುತ್ತಿತ್ತು. ಪಾಲಾಕ್ಷಪ್ಪ ಇರಲಿಲ್ಲ.

ಹುಡುಗಿಯರನ್ನು ದುಡಿಸಿಕೊಳ್ಳುತ್ತಿದ್ದ ಹೊಲದವನಿಗೆ ಒಂದು ಫೋನು ಹೋದರೆ ಸಾಕಾಗಿತ್ತು. ಅರ್ಧ ಗಂಟೆಯಲ್ಲಿ ಹೊಲ ಖಾಲಿ, ಸಂಜೆಗೆ ಹುಡುಗಿಯರು ಆಂಧ್ರದ ಗಡಿಯಾಚೆ. ಪಾಲಾಕ್ಷಪ್ಪ ಓಡಿದ, ನಡೆದ, ಮತ್ತೆ ಓಡಿದ, ಜುಬ್ಬ ಸರಿಮಾಡಿಕೊಂಡು ಎಸ್‌ಟಿಡಿ ಬೂತಿನ ಮುಂದೆ ನಿಂತ. ಒಳಗೆ ಲುಂಗಿ ಉಟ್ಟವನೊಬ್ಬ ರಿಸೀವರು ಕಿವಿಗೊತ್ತಿಕೊಂಡು ಹೆಂಡತಿಯೊಡನೆ ಜಗಳಾಡುತ್ತಿದ್ದ.

"ಲೇ, ಮೀನು ತಂದಿದ್ದು ನಾನು, ಹುಳಿ ಹೆಚ್ಚು ಮಾಡಿದ್ದು ನೀನು, ಮತ್ತ ಬೈಸಿಕೊಳ್ಳೋದು ನಾನಽ ಏನು?"

"ಸ್ವಲ್ಪ ಲಗೂ ಮುಗಸ್ರಿ, ಅರ್ಜೆಂಟ್ ಐತಿ," ಎಂದು ಪಾಲಾಕ್ಷಪ್ಪ ಗಾಜು ತಟ್ಟಿದ.

"ಸಂಸಾರದ ಮಾತು ಸರ. ಲಗೂ ಮುಗಿಯಂಗಿಲ್ಲ."

"ಮಕ್ಕಳ ಜೀವದ ಪ್ರಶ್ನೆ ಐತ್ರಿ!"

"ಹೌದ್ರೀ ಸರ," ಎಂದು ಲುಂಗಿಯವನು ರಿಸೀವರು ಇಟ್ಟು ಹೊರಬಂದ. ಪಾಲಾಕ್ಷಪ್ಪನ ಮಣಿಕಟ್ಟು ಅವನ ಮುಷ್ಟಿಯಲ್ಲಿತ್ತು. "ಅದಕ್ಕಽ ಬೆಳಿಗ್ಗೆಯಿಂದ ಬೂತು ಬಿಟ್ಟಿಲ್ಲ. ನಾನು ಹೆಡ್ ಕಾನ್ಸ್‌ಟೇಬಲ್ ರಹಿಮಾನ್. ನನ್ನ ಹೆಂಡತಿ ಹುಳಿ ಸರಿಯಾಗೇ ಹಾಕ್ತಾಳ."

ಬಂಧನದ ಸಮಯ 10-50. ಆದರೆ ಪಾಲಾಕ್ಷಪ್ಪ ಬಾಯಿ ಬಿಡಲಿಲ್ಲ. ಯಾವ ಹೊಲ, ಯಾರದು, ಎಲ್ಲಿ, ಎಷ್ಟು ಕೇಳಿದರೂ ಜೀಪಿನ ನೆಲ ನೋಡುತ್ತ ಕೂತ. ಅವನ ಬಂಧನದ ಸುದ್ದಿ ಹೊಲದವನಿಗೆ ಮುಟ್ಟಲು ಎಷ್ಟು ಹೊತ್ತು ಬೇಕು ಎಂಬುದೂ ಗೊತ್ತಿರಲಿಲ್ಲ.

ಗವಿಸಿದ್ದೇಶ್ ಮತ್ತೆ ಭಾಗ್ಯಳ ಬಳಿ ಬಂದ. "ಊರ ಹೆಸರು ನೆನಪೈತೇನವ್ವಾ?"

"ಇಲ್ಲ. ಬಸ್ಸಿನ್ಯಾಗ ಕೂಡ್ಲಿಗಿ ಕೂಡ್ಲಿಗಿ ಅಂತಿದ್ರು. ಆಮ್ಯಾಲೆ ಟ್ರಾಕ್ಟ್ರಿನ್ಯಾಗ ಹೋದ್ವಿ. ಎಲ್ಲಾ ಕಡಿ ಬಂಡಿ ಗುಡ್ಡ."

"ಮತ್ತೇನು?"

"ಹೊತ್ತು ಮುಳುಗಿದ್ರ ಚಿಲಕ ಹಾಕ್ತಿದ್ರು. ಹೊರಗ ಹೋದ್ರ ಕರಡಿ ತಿಂತೈತಿ ಅಂತಿದ್ರು. ಸುಳ್ಳಲ್ಲ, ನಾ ನೋಡೀನಿ. ಮರಿ ಬೆನ್ನ ಮ್ಯಾಲ ಕುಂದ್ರಿಸಿಕೊಂಡು ಹೊಂಟಿತ್ತು."

ರಹಿಮಾನ್ ಮತ್ತು ಗವಿಸಿದ್ದೇಶ್ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಂಡೆಗುಡ್ಡ ಈ ಸೀಮೆಯಲ್ಲಿ ಎಲ್ಲೆಲ್ಲೂ ಇದೆ. ಹೊಲದಂಚಿಗೆ ಕರಡಿ ಬರುವುದು ಗುಡೇಕೋಟೆ ಕಡೆ. ಕೂಡ್ಲಿಗಿ ಠಾಣೆಗೆ ವೈರ್‌ಲೆಸ್ ಹೋಯಿತು: ಗುಡೇಕೋಟೆ ದಿಕ್ಕಿನಲ್ಲಿ, ಬಾವಿ ನೀರಾವರಿ ಇರುವ, ಹೂವಿಗೆ ಹೂವು ತಿಕ್ಕಿಸಿ ಹತ್ತಿ ಬೀಜ ಮಾಡಿಸುವ ಹೊಲಗಳು ಎಷ್ಟು? ಉತ್ತರ ಬಂತು: ಎರಡು. ಒಂದರಲ್ಲಿ ಊರಿನ ಹೆಂಗಸರೇ ದುಡಿಯುತ್ತಾರೆ. ಇನ್ನೊಂದಕ್ಕೆ ಯಾರನ್ನೂ ಬಿಡುವುದಿಲ್ಲ.

ಪಾಲಾಕ್ಷಪ್ಪನನ್ನು ಲಾಕಪ್ಪಿಗೆ ಹಾಕಿ ಜೀಪು ಹೊರಟಿತು. ಅದರಲ್ಲಿ ನೀಲಗಂಗಮ್ಮ, ಠಾಣೆಯಲ್ಲಿ ಕಾದು ಕೂತಿದ್ದ ಬಿಬಿಜಾನ್, ಒಬ್ಬ ಮಹಿಳಾ ಕಾನ್ಸ್‌ಟೇಬಲ್. ಆ ದಿನ ಆ ಜೀಪು ಓಡಿದ ಓಟಕ್ಕೆ ರಸ್ತೆಯ ಗುಂಡಿಗಳು ತಾವೇ ಎದ್ದು ದಾರಿ ಬಿಟ್ಟವೆಂದು ಡ್ರೈವರು ಇವತ್ತಿಗೂ ಹೇಳುತ್ತಾನೆ. ಬಿಬಿಜಾನ್ ದಾರಿಯುದ್ದಕ್ಕೂ ಒಂದೇ ಮಾತು ಕೇಳುತ್ತಿದ್ದಳು: "ಗುಡ್ಡ ಬಂತೇನು ನೀಲವ್ವಾ?" ನೀಲಗಂಗಮ್ಮ ಆಕೆಯ ಕೈ ಹಿಡಿದುಕೊಂಡಿದ್ದಳೇ ಹೊರತು ಮುಖ ನೋಡುತ್ತಿರಲಿಲ್ಲ.

ಕೂಡ್ಲಿಗಿಯ ಪೊಲೀಸರು ಹೊಲದ ಹಿಂದಿನ ದಾರಿ ಕಟ್ಟಿದ್ದರು. ಮಧ್ಯಾಹ್ನ ಒಂದೂಕಾಲಕ್ಕೆ ಗವಿಸಿದ್ದೇಶ್ ಮುಳ್ಳುಬೇಲಿ ದಾಟಿದ. ಪಂಪ್‌ಶೆಡ್ಡಿನ ಪಕ್ಕ ಟ್ರಾಕ್ಟರು ಹೊರಡುವಂತೆ ನಿಂತಿತ್ತು. ಟ್ರೇಲರಿನಲ್ಲಿ ಚಾಪೆಗಳು, ಪಾತ್ರೆಗಳು ಏರಿದ್ದವು. ಹೊಲದವನು ಕೀಲಿಗೆ ಕೈ ಹಾಕುವಷ್ಟರಲ್ಲಿ ಕೀಲಿ ಗವಿಸಿದ್ದೇಶ್‌ನ ಜೇಬಿನಲ್ಲಿತ್ತು.

ಇಲ್ಲಿಂದ ಮುಂದಿನದರಲ್ಲಿ ಎಳ್ಳಷ್ಟೂ ಹೆಚ್ಚು ಮಾಡಿ ಹೇಳಿದ್ದಿಲ್ಲ. ಹತ್ತಿ ಗಿಡಗಳು ಹುಡುಗಿಯರಿಗಿಂತ ಎತ್ತರವಿದ್ದವು. ಹಸಿರಿನ ನಡುವೆ ಕೈಗಳು ಮಾತ್ರ ಕಾಣುತ್ತಿದ್ದವು, ಗಂಡು ಹೂವನ್ನು ಹೆಣ್ಣು ಹೂವಿಗೆ ತಿಕ್ಕುವ ಸಣ್ಣ ಕೈಗಳು. ಬೆರಳ ತುದಿಗೆ ಹಳದಿ ಪರಾಗ. ಪೊಲೀಸರನ್ನು ನೋಡಿಯೂ ಆ ಕೈಗಳು ನಿಲ್ಲಲಿಲ್ಲ.

"ಮುಸರತ!" ಎಂದು ಬಿಬಿಜಾನ್ ಕೂಗಿದಳು. ಎತ್ತ ಕೂಗಬೇಕೆಂದು ಕಾಣದೆ ಬಂಡೆಯ ಕಡೆ ತಿರುಗಿ ಕೂಗುತ್ತಿದ್ದಳು.

ಒಂದು ಗಿಡ ಅಲ್ಲಾಡಿತು. "ನಾನಿ, ಈ ಸಾಲು ಮುಗಸ್ತೀನಿ ತಡಿ. ಇಲ್ಲಾಂದ್ರ ಬೈತಾರ."

ನೀಲಗಂಗಮ್ಮ ಸಾಲಿನೊಳಗೆ ನುಗ್ಗಿ ಹುಡುಗಿಯನ್ನು ಎತ್ತಿಕೊಂಡಳು. ಎಂಟು ವರ್ಷದ ಕೂಸು ಐದು ವರ್ಷದ್ದರಷ್ಟು ಹಗುರವಾಗಿತ್ತು. ಮುಸರತ ಆಕೆಯ ಬಾಗಿದ ಬೆರಳನ್ನು ಹಿಡಿದು ನೋಡಿದಳು, ಗುರುತಿಸಿದಳು.

"ನೀಲವ್ವಾ, ನೀ ರೊಟ್ಟಿ ಮಾಡೋದು ಬಿಟ್ಟಿಯೇನು?"

ಮೂರೂರ ಹುಂಜಗಳ ಬಾಯಿ ಮುಚ್ಚಿಸಿದ ಹೆಂಗಸು ಕೂಸಿನ ಬೆರಳಿಗಂಟಿದ ಹಳದಿಯನ್ನು ಸೆರಗಿನಿಂದ ಒರೆಸುತ್ತ ನಡೆದಳು.

ಹುಡುಗಿಯರೆಲ್ಲರ ಹೇಳಿಕೆ ದಾಖಲಾಯಿತು. ಬಲವಂತದ ದುಡಿಮೆಯ ಮತ್ತು ಅಕ್ರಮ ಬಂಧನದ ಕಲಮುಗಳು ಸೇರಿದವು. ಹೊಲದವನೂ ಆರೋಪಿಯಾದ. ಅಧಿಕಾರಿಗಳ ಆದೇಶದಂತೆ ಆಶ್ರಮದ ಮಕ್ಕಳನ್ನು ಅವತ್ತೇ ಹರಪನಹಳ್ಳಿ ಕಡೆಯ ದಾಕ್ಷಾಯಣಮ್ಮನ ಆಶ್ರಮಕ್ಕೆ ಕಳಿಸಲಾಯಿತು. ಮುಸರತ ಮಾತ್ರ ಹೋಗಲಿಲ್ಲ. ಬಿಬಿಜಾನಳ ಸೆರಗು ಬಿಡಲಿಲ್ಲ. ನೀಲಗಂಗಮ್ಮ "ಎರಡು ಮನಿ ನಡುವಿನ ಗ್ವಾಡಿ ಒಡಸ್ತೀನಿ, ಕೂಸು ಎರಡೂ ಕಡಿ ಇರ್ಲಿ" ಎಂದು ಠಾಣೆಯಲ್ಲೇ ಬರೆದುಕೊಟ್ಟಳು.

ತನ್ನ ಆಶ್ರಮದ ಬಾಗಿಲಲ್ಲಿ ದಾಕ್ಷಾಯಣಮ್ಮ ಅದೇ ಗಂಟುಮುಖದಲ್ಲಿ ನಿಂತಿದ್ದಳು. ನೀಲಗಂಗಮ್ಮ ಬುಟ್ಟಿ ಹಿಡಿದು ತಲೆ ತಗ್ಗಿಸಿದಳು. "ಅವತ್ತು ಬರೇ ನೀರು ಕೊಟ್ಟು ಕಳಿಸಿದ್ವಿ. ತಪ್ಪಾತು. ಈ ರೊಟ್ಟಿ ಇಟ್ಕೊಳ್ರಿ."

"ರೊಟ್ಟಿ ಆಮೇಲೆ. ಮೊದ್ಲು ಒಳಗೆ ಬರ್ರಿ. ಗಡಿಗೆ ಮುಚ್ಚಳ ತೆಗೆದು ನೋಡ್ರಿ, ಮಕ್ಕಳ ಜೊತೆ ಕೂತು ಉಣ್ರಿ. ಸರಿ ಅನ್ನಿಸಿದ್ರೆ ಕೊಡ್ರಿ," ಎಂದಳು ದಾಕ್ಷಾಯಣಮ್ಮ. ಆಗಲೂ ನಗಲಿಲ್ಲ. "ನಗೋಕೆ ನಂಗೆ ಪುರುಸೊತ್ತಿಲ್ಲ."

ಶನಿವಾರ ಬೆಳಿಗ್ಗೆ, ನ್ಯಾಯಾಲಯಕ್ಕೆ ಹಾಜರುಪಡಿಸುವ ಮೊದಲು, ಗವಿಸಿದ್ದೇಶ್ ಲಾಕಪ್ಪಿನ ಮುಂದೆ ಕುರ್ಚಿ ಹಾಕಿಕೊಂಡ. ಮೀಸೆ ಮೇಲೆದ್ದಿತ್ತು.

"ರೊಟ್ಟಿ ಮಾರಿದಿ. ಮಕ್ಕಳನ್ನ ಯಾಕ ಕಳಿಸಿದಿ?"

ಪಾಲಾಕ್ಷಪ್ಪ ಮೊದಲ ಸಲ ಬಾಯಿ ಬಿಟ್ಟ. ಮೆತ್ತನೆಯ ದನಿ ಹೋಗಿತ್ತು. "ನಾನೂ ಇಂಥದ್ರಾಗ ಬೆಳದಾಂವ ಸರ. ದೂರದ ಊರು. ಮನಿಮನಿ ತಿರುಗಿ ರೊಟ್ಟಿ ತರ್ತಿದ್ವಿ. ನಡಸಾಂವ ಮಾರ್ತಿದ್ದ. ನಮಗ ನುಚ್ಚು. ಜನ ಬರ್ತಿದ್ರು, ಕೊಡ್ತಿದ್ರು, ಬಾಗಿಲದಾಗ ಕೈಮುಗಿದು ಹೋಗ್ತಿದ್ರು. ಒಳಗ ಬಂದು ಯಾರೂ ನೋಡಲಿಲ್ಲ. ಹತ್ತು ವರ್ಷ ದಾರಿ ಕಾದೆ ಸರ, ಒಬ್ಬರಾದ್ರೂ ನೋಡ್ತಾರ ಅಂತ. ನೋಡಂಗಿಲ್ಲ ಅಂತ ಗೊತ್ತಾದ ಮ್ಯಾಲ..."

ಗವಿಸಿದ್ದೇಶ್ ಕುರ್ಚಿ ಎತ್ತಿಕೊಂಡು ಹೋದ.

ನಾಷ್ಟಾಕ್ಕೆಂದು ರಹಿಮಾನ್ ತಟ್ಟೆ ತಂದ. ಹೋಟೆಲು ಇನ್ನೂ ತೆರೆದಿರಲಿಲ್ಲ. ಠಾಣೆಯವರಿಗೆಂದು ನೀಲಗಂಗಮ್ಮ ಕಳಿಸಿದ್ದ ಗಂಟಿನಿಂದ ಒಂದು ರೊಟ್ಟಿ ಹಾಕಿದ್ದ. ಕರಿಎಳ್ಳಿನ ನಡುವೆ ಬೋಳು ಪಟ್ಟಿ. ಪಾಲಾಕ್ಷಪ್ಪ ಅದನ್ನು ಬಹಳ ಹೊತ್ತು ನೋಡಿದ, ಆಮೇಲೆ ಮುರಿದ. ಅರ್ಧವನ್ನು ಗೋಡೆಗೆ ಮುಖ ಮಾಡಿ ತಿಂದ. ಇನ್ನರ್ಧವನ್ನು ಅವನ ಕೈ, ಅವನಿಗೇ ತಿಳಿಯದಂತೆ, ಸೊಂಟದ ಮಡಿಕೆಯೊಳಗೆ ಸಿಕ್ಕಿಸಿತು.

ಜೀಪು ಹತ್ತಿಸುವ ಮೊದಲು ಆರೋಪಿಯ ಮೈ ತಪಾಸಣೆ ನಡೆಯಿತು. ಬಾಚಣಿಗೆ, ಕರವಸ್ತ್ರ, ಮುರಿದ ಕನ್ನಡಕದ ಕಾಲು, ಎಲ್ಲವೂ ಪಂಚನಾಮೆಯಲ್ಲಿ ಬಂದವು. ಕಳುವಾದ ಬಾವಿಯನ್ನೂ ಬಿಡದೆ ಬರೆದ ರಹಿಮಾನ್ ಆ ಅರ್ಧ ರೊಟ್ಟಿಯನ್ನು ಮಾತ್ರ ಬರೆಯಲಿಲ್ಲ.